ಲಾಮಾರಾ ಅಜ್ಜಿಯ ಕಿಟಕಿ

ರಂಗಂಪೇಟೆ

ನಮ್ಮ ಮನೆಯಲ್ಲಿ ಯಾವ ಒಳ್ಳೆಯ ಸುದ್ದಿಯನ್ನೂ ಒಂದೇ ಸಲಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಯಾರು ಕಳಿಸಿದರು, ಯಾಕೆ ಕಳಿಸಿದರು, ಇದರಲ್ಲಿ ಅವರಿಗೇನು ಲಾಭ ಎಂದು ಹೊಸ್ತಿಲ ಹೊರಗೇ ನಿಲ್ಲಿಸಿ ವಿಚಾರಣೆ ನಡೆಯುತ್ತದೆ. ಅಂಥ ಮನೆಗೆ ಜಾರ್ಜಿಯಾ ಎಂಬ ದೇಶದಿಂದ ಒಂದು ಮೇಲ್ ಬಂತು. ಪತ್ರಿಕೆಗಳಿಗೆ ಫೋಟೊ ತೆಗೆಯುವವರಿಗಾಗಿ ಒಂದು ಶಿಬಿರ. ಹೋಗಿಬರುವ ಖರ್ಚು ಅವರದು, ಊಟ ವಸತಿ ಅವರದು. ಕೊನೆಗೆ ಬಂದವರಲ್ಲಿ ಒಬ್ಬರನ್ನು ಆರಿಸಿ ತಮ್ಮ ಫೋಟೊ ಏಜೆನ್ಸಿಯಲ್ಲಿ ಒಂದು ವರ್ಷ ಕೆಲಸ ಕೊಡುತ್ತಾರಂತೆ, ದೇಶದೇಶ ಸುತ್ತುವ ಕೆಲಸ.

ನಾನು ಯಾದಗಿರಿಯ ಒಂದು ಸಣ್ಣ ದಿನಪತ್ರಿಕೆಗೆ ಫೋಟೊ ತೆಗೆಯುವವಳು. ಸನ್ಮಾನ, ಧರಣಿ, ಪಲ್ಟಿಯಾದ ಟ್ರ್ಯಾಕ್ಟರ್, ನೀರು ಬಾರದ ನಲ್ಲಿ, ಮತ್ತೆ ಸನ್ಮಾನ. ಫೋಟೊದ ಕೆಳಗೆ ಹೆಸರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆ ಒಂದು ವರ್ಷದ ಕೆಲಸ ಸಿಕ್ಕರೆ ಸನ್ಮಾನದ ಶಾಲುಗಳಿಂದ ಬಿಡುಗಡೆ. ಎಷ್ಟು ಬೇಕಾಗಿತ್ತೆಂದರೆ, ಮೇಲ್ ಓದಿದ ಕೂಡಲೇ ಮೊದಲು ಅನುಮಾನ ಬಂದದ್ದು ನನಗೇ.

ಅಪ್ಪ ತೀರಿಕೊಂಡ ಮೇಲೆ ಮನೆಯ ತೀರ್ಮಾನವೆಲ್ಲ ಅವ್ವನದು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು.

"ಅಲ್ಲವ್ವಾ ನೀಲಾ, ಅವರ ಊರಾಗ ಫೋಟೊ ತಗಿಯೋರು ಯಾರೂ ಇಲ್ಲೇನು? ರಂಗಂಪ್ಯಾಟಿ ಹುಡುಗಿನೇ ಬೇಕಾತೇನು?"

"ನಾ ಕಳಿಸಿದ ಫೋಟೊ ನೋಡಿ ಆರಿಸ್ಯಾರವ್ವ."

"ಪುಕ್ಕಟ ಕರಕೊಂಡು ಹೋಗಿ, ಪುಕ್ಕಟ ಉಣಿಸಿ, ಮ್ಯಾಲ ಕೆಲಸಾನೂ ಕೊಡ್ತಾರಂತ! ನಂಗ್ಯಾಕೋ ಇದು ಬರೋಬ್ಬರಿ ಅನಸವಲ್ದು. ನಿಮ್ಮ ಶರಣಪ್ಪ ಮಾವನ್ನ ಜೋಡಿ ಕರಕೊಂಡು ಹೋಗು. ಇಲ್ಲಾಂದ್ರ ಬ್ಯಾಡ."

ಶರಣಪ್ಪ ಮಾವ ಅವ್ವನ ತಮ್ಮ. ಶಹಾಪುರದಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದಾನೆ. ಅನುಮಾನದ ವಿಷಯದಲ್ಲಿ ಅವ್ವ ಅವನ ಮುಂದೆ ಕೂಸು.

ಶಹಾಪುರ

ಮಾವನ ಸ್ಟುಡಿಯೊದಲ್ಲೇ ನಾನು ಕ್ಯಾಮೆರಾ ಹಿಡಿಯಲು ಕಲಿತದ್ದು. ಪಾಸ್‌ಪೋರ್ಟ್ ಫೋಟೊಕ್ಕೆ ಬಂದವರನ್ನು ಅವನು "ಯಾವ ದೇಶ? ಯಾಕ? ಮನ್ಯಾಗ ಗೊತ್ತದನು?" ಎಂದು ಕೇಳಿಯೇ ಸ್ಟೂಲಿನ ಮೇಲೆ ಕೂರಿಸುತ್ತಾನೆ. ಅವನ ವೃತ್ತಿಧರ್ಮ ಒಂದೇ ಸಾಲಿನದು: ಹೇಳದೆ ಕೇಳದೆ ಮಂದಿಯ ಮುಖ ತೆಗೆಯುವುದು ಕಳ್ಳತನ. ಗುಂಡಿ ಹಾಕಿಕೊಳ್ಳಲು, ತಲೆ ಬಾಚಿಕೊಳ್ಳಲು, ಉಸಿರು ಬಿಗಿಹಿಡಿಯಲು ಮನುಷ್ಯನಿಗೆ ಪುರಸತ್ತು ಕೊಡಬೇಕು.

ಪತ್ರಿಕೆಯ ಫೋಟೊದ ಧರ್ಮ ಇದಕ್ಕೆ ಪೂರಾ ಉಲ್ಟಾ. ಯಾರನ್ನೂ ನಿಲ್ಲಿಸಬಾರದು, ಸರಿಸಬಾರದು, ನಮ್ಮ ಕಡೆ ನೋಡಿ ಅನ್ನಬಾರದು. ಹೇಳುವುದು ಸುಲಭ. ನಮ್ಮ ಸೀಮೆಯಲ್ಲಿ ಕ್ಯಾಮೆರಾ ಎತ್ತಿದರೆ ಸಾಕು, ಇಡೀ ಓಣಿ ಅಟೆನ್ಷನ್‌ಗೆ ಬರುತ್ತದೆ. ಬಳಿಚಕ್ರ ಎಂಬ ಹಳ್ಳಿಯ ತೊಗರಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರ ಫೋಟೊಕ್ಕೆಂದು ಹೋಗಿದ್ದೆ. "ತಡೀರಿ ಮೇಡಮ್ಮಾರೆ" ಎಂದು ಎಲ್ಲರೂ ಕುರ್ಪಿ ಕೆಳಗಿಟ್ಟು, ಕೊಡದ ನೀರಲ್ಲಿ ಮುಖ ತೊಳೆದು, ಎತ್ತರದ ಪ್ರಕಾರ ಸಾಲಾಗಿ ನಿಂತರು. ಬೇರೆ ದಾರಿ ಕಾಣದೆ ಅವರು ಸಾಲು ಕಟ್ಟುತ್ತಿರುವುದನ್ನೇ ತೆಗೆದೆ. ಶಿಬಿರದವರು ನನ್ನನ್ನು ಆರಿಸಿದ್ದು ಆ ಫೋಟೊ ನೋಡಿಯೇ ಇರಬೇಕು ಎಂದು ನನ್ನ ಊಹೆ.

ಮಾವ ಕಾಶಿಗೆಂದು ಕೂಡಿಟ್ಟದ್ದನ್ನು ತೆಗೆದು ತನ್ನ ಟಿಕೆಟ್ ಮಾಡಿಸಿದ. ಇಷ್ಟು ಸಲೀಸಾಗಿ ಒಪ್ಪಿದನಲ್ಲ ಎಂದು ನನಗೆ ಒಳಗೊಳಗೇ ಕಸಿವಿಸಿ. ಹೊರಡುವ ಹಿಂದಿನ ದಿನ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಫೋನಿನಲ್ಲಿ ಮಾತಾಡುವುದು ಕೇಳಿತು.

"ಅಕ್ಕಾ, ನೀ ಚಿಂತಿ ಮಾಡಬ್ಯಾಡ. ನಾ ಅದೀನಲ್ಲ. ಅಕಿನ್ನ ಅಲ್ಲಿ ಉಳಿಯಾಕ ಬಿಡಾಂಗಿಲ್ಲ."

ಅಲ್ಲಿಗೆ ಗೊತ್ತಾಯಿತು. ನನ್ನ ಕಾವಲಿಗೆ ಬರುತ್ತಿರುವವನು ನನ್ನ ಕೆಲಸಕ್ಕೆ ಕಲ್ಲು ಹಾಕಲೂ ಬರುತ್ತಿದ್ದಾನೆ. ಕೇಳಿಸಿಕೊಂಡದ್ದನ್ನು ಹೇಳಲಿಲ್ಲ. ಹೇಳಿದರೆ ಎಚ್ಚರವಾಗುತ್ತಾನೆ.

ಯಾದಗಿರಿ

ಭೀಮಾ ಸೇತುವೆ ದಾಟಿ ಯಾದಗಿರಿಯಲ್ಲಿ ಇಳಿದು ಸಂಪಾದಕರಿಗೆ ಹೇಳಿಹೋಗೋಣವೆಂದು ಕಚೇರಿಗೆ ಹೋದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಹೋಗ್ರಿ, ಭಾಳ ಖುಷಿ. ಖರೇ ಹೇಳ್ರಿ, ವಾಪಸ್ ಬರ್ತೀರೋ ಇಲ್ಲೋ? ನಾ ಇನ್ನೊಬ್ಬರ್ನ ನೋಡಿ ಇಡ್ಲೇನು?"

"ಬರ್ತೀನ್ರಿ ಸರ್."

"ಹೋದೋರೆಲ್ಲ ಹಂಗೇ ಅಂತಾರ," ಎಂದು ಅವರು ಮಾವನ ಕಡೆ ತಿರುಗಿ, "ನೀವು ಯಾಕ ಹೊಂಟೀರಿ?" ಎಂದರು.

"ನೋಡಾಕ್ರೀ," ಎಂದ ಮಾವ. ಏನು ನೋಡಲು ಎಂಬುದನ್ನು ಹೇಳಲಿಲ್ಲ.

ವಿಮಾನ ನಿಲ್ದಾಣಗಳು

ಮಾವನ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇದೆ, ಅದರೊಳಗೆ ಇಷ್ಟಲಿಂಗ. ದೀಕ್ಷೆಯಾದಂದಿನಿಂದ ಅದು ಮೈಬಿಟ್ಟು ಇಳಿದದ್ದಿಲ್ಲ. ಹೈದರಾಬಾದಿನಲ್ಲಿ ತಪಾಸಣೆಯವನು ತೆಗೆದು ಟ್ರೇಯಲ್ಲಿಡಲು ಹೇಳಿದಾಗ ಮಾವ ಅದನ್ನು ಮುಷ್ಟಿಯಲ್ಲಿ ಹಿಡಿದು, "ಜೀವ ಹೋದ್ರೂ ತಗಿಯಾಂಗಿಲ್ಲ," ಎಂದ. ನಮ್ಮ ಹಿಂದಿನ ಸಾಲು ಉದ್ದವಾಯಿತು. ಪುಣ್ಯಕ್ಕೆ ಅಲ್ಲಿದ್ದ ಹಿರಿಯ ಅಧಿಕಾರಿಯೊಬ್ಬರಿಗೆ ವಿಷಯ ಗೊತ್ತಿತ್ತು. ಕೈಯಲ್ಲಿ ಹಿಡಿಯುವ ಯಂತ್ರ ಆಡಿಸಿ ಬಿಟ್ಟರು.

ಗಲ್ಫಿನಲ್ಲಿ ವಿಮಾನ ಬದಲಿಸುವಾಗ ಅಂಥವರು ಯಾರೂ ಇರಲಿಲ್ಲ. ನಮ್ಮನ್ನು ಪಕ್ಕಕ್ಕೆ ಕರೆದರು. ಒಳಗೇನು ಎಂದು ಕೇಳಿದರು. ದೇವರು ಎಂದೆ. ತೆರೆಯಿರಿ ಎಂದರು. ಮಾವ ನನ್ನ ಮುಖ ನೋಡಿದ, ಅವರ ಮುಖ ನೋಡಿದ. ಆಮೇಲೆ ತಾನೇ ಮುಚ್ಚಳ ತೆಗೆದು ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು, ಪೂಜೆಗೆ ಹಿಡಿದಂತೆಯೇ ಅವರ ಮುಂದೆ ಹಿಡಿದ. ಅಧಿಕಾರಿ ಮುಟ್ಟಲು ಕೈ ಚಾಚಿದವನು ಮಾವನ ಕಣ್ಣು ನೋಡಿ ಕೈ ಹಿಂದೆ ತೆಗೆದುಕೊಂಡ. ತಾನೇ ತಲೆಬಾಗಿಸಿ, "ಹೋಗಿ" ಎಂದ. ಆಮೇಲೆ ನಮ್ಮ ಶೇಂಗಾ ಹಿಂಡಿಯ ಡಬ್ಬಿಯನ್ನು ಮೂಸಿ ನೋಡಿದಾಗ ಮಾತ್ರ ಅವನು ಜೋರಾಗಿ ಸೀನಿದ.

ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ ಇಳಿದರೆ ಪಾಸ್‌ಪೋರ್ಟ್ ನೋಡುವ ಹೆಂಗಸು. ಇವರು ಯಾರು? ನನ್ನ ತಾಯಿಯ ತಮ್ಮ. ಏನು ಕೆಲಸ? ಫೋಟೊ ತೆಗೆಯುತ್ತಾರೆ. ನೀನು? ನಾನೂ ಫೋಟೊ ತೆಗೆಯುತ್ತೇನೆ. ಆಕೆ ಮುಖವನ್ನೂ ಪುಸ್ತಕವನ್ನೂ ಮೂರ್ನಾಲ್ಕು ಸಲ ಹೋಲಿಸಿ ನೋಡಿದಳು. ಅವ್ವ ಅಲ್ಲಿದ್ದಿದ್ದರೆ ಆಕೆಗೆ ಕೆಲಸ ಕಲಿಸಿಕೊಡುತ್ತಿದ್ದಳು.

ಟಿಬಿಲಿಸಿ

ಈ ಊರಿನ ಜನ ಅಪರಿಚಿತರನ್ನು ನೋಡಿ ನಗುವುದಿಲ್ಲ. ನಮ್ಮಲ್ಲೂ ಮೊದಲ ನೋಟಕ್ಕೆ ನಗುವುದಿಲ್ಲ, ಆದರೆ "ಯಾವೂರ್ರಿ?" ಎಂದಾದರೂ ಕೇಳುತ್ತಾರೆ. ಇಲ್ಲಿ ಅದೂ ಇಲ್ಲ. ಬೀದಿನಾಯಿಗಳು ಮಾತ್ರ ಬಾಲ ಅಲ್ಲಾಡಿಸುತ್ತ ಬಂದವು. ಒಂದೊಂದರ ಕಿವಿಗೂ ಒಂದು ಬಿಲ್ಲೆ. ಚುಚ್ಚುಮದ್ದು ಹಾಕಿದ ಗುರುತಂತೆ.

"ನೋಡು, ನಾಯಿದೂ ಲೆಕ್ಕ ಇಟ್ಟಾರ," ಎಂದ ಮಾವ. "ನಾವು ಎಲ್ಲಿ ನಿಂತ್ವಿ, ಎಲ್ಲಿ ಕುಂತ್ವಿ, ಎಲ್ಲಾ ನೋಡಾಕತ್ತಿರಬೇಕು."

ಅಡುಗೆಯ ವಿಷಯದಲ್ಲಿ ಅವನಿಗೆ ಇನ್ನೂ ಹೆಚ್ಚು ಅನುಮಾನ. ಕಾಳಿನ ಪಲ್ಯ ಒಳಗೆ ತುಂಬಿ ಸುಟ್ಟ ದುಂಡನೆಯ ರೊಟ್ಟಿಯನ್ನು ತಂದಿಟ್ಟರೆ, ಹೋಳಿಗೆ ಬಿಚ್ಚುವಂತೆ ಬಿಚ್ಚಿ, ಕಾಳುಕಾಳನ್ನೂ ತಿರುವಿ ನೋಡಿ, ಮಾಂಸವಿಲ್ಲವೆಂದು ಖಾತ್ರಿಯಾದ ಮೇಲೆ ತಿಂದ. ತಿಂದ ಮೇಲೆ ಇನ್ನೊಂದು ತರಿಸಿದ.

ಶಿಬಿರದ ಮುಖ್ಯಸ್ಥ ಮಾರ್ಟಿನ್ ಎಂಬ ಎತ್ತರದ ಯುರೋಪಿನವನು. ಯುದ್ಧಗಳ ಫೋಟೊ ತೆಗೆದವನು. ನಮ್ಮ ಕೆಲಸಗಳನ್ನೆಲ್ಲ ಗೋಡೆಯ ಮೇಲೆ ಹಾಕಿ ನೋಡಿದ. ಬಳಿಚಕ್ರದ ಹೆಂಗಸರ ಮುಂದೆ ನಿಂತು, "ಇವರನ್ನು ಸಾಲಾಗಿ ನಿಲ್ಲಿಸಿದ್ದು ನೀನೆ?" ಎಂದ.

"ಅಲ್ಲ, ಅವರೇ ನಿಂತರು."

ಮಾರ್ಟಿನ್ ನಕ್ಕ. ಸುರಪುರದ ಕಚೇರಿಗಳಲ್ಲಿ "ಸಾಹೇಬ್ರು ಈಗಷ್ಟೇ ಹೊರಗ ಹೋದ್ರು" ಎನ್ನುವಾಗ ಗುಮಾಸ್ತ ನಗುವ ನಗು ಅದು. ಇನ್ನು ಮೇಲೆ ಈ ಮನುಷ್ಯ ನನ್ನ ಯಾವ ಫೋಟೊವನ್ನೂ ನಂಬುವುದಿಲ್ಲ ಎಂದು ಅವತ್ತೇ ಗೊತ್ತಾಯಿತು.

ದ್ರಾಕ್ಷಿಯ ಊರು

ಮಾರನೆಯ ದಿನ ನಮ್ಮನ್ನು ಕಾಕೇತಿ ಎಂಬ ಸೀಮೆಯ ಹಳ್ಳಿಗೆ ಕರೆದೊಯ್ದರು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮನೆ. ಆ ಮನೆಯವರ ಬದುಕಿನ ಫೋಟೊ ತೆಗೆಯಬೇಕು. ಸಣ್ಣ ಬಸ್ಸಿನ ಡ್ರೈವರ್ ದಾರಿಯಲ್ಲಿ ಚರ್ಚು ಕಂಡಾಗಲೆಲ್ಲ ಸ್ಟೀರಿಂಗ್ ಬಿಟ್ಟು ಎದೆಯ ಮೇಲೆ ಮೂರು ಸಲ ಶಿಲುಬೆ ಬರೆದುಕೊಳ್ಳುತ್ತಿದ್ದ. ಆ ದೇಶದಲ್ಲಿ ಗುಡ್ಡಕ್ಕೊಂದು ಚರ್ಚು.

"ನೀಲಾ, ಬ್ರೇಕ್ ಇಲ್ಲಂತ ಕಾಣ್ತದ," ಎಂದ ಮಾವ ಕರಡಿಗೆ ಹಿಡಿದುಕೊಂಡು. "ಇಲ್ಲಾಂದ್ರ ಇಷ್ಟು ಸಲ ದೇವರನ್ನ ಯಾಕ ನೆನಸ್ತಾನ?"

ನನಗೆ ಸಿಕ್ಕ ಮನೆ ಗಿವಿ ಎಂಬ ಮುದುಕನದು, ಅವನ ಹೆಂಡತಿ ಲಾಮಾರಾಳದು. ಅಂಗಳದ ಮೇಲೆಲ್ಲ ದ್ರಾಕ್ಷಿ ಚಪ್ಪರ. ಗಂಡುಮಕ್ಕಳು ಪಕ್ಕದ ಮನೆಗಳಲ್ಲಿ. ಗಿವಿಗೆ ಎದೆಯ ಕಾಯಿಲೆ, ಹೆಚ್ಚು ಹೊತ್ತು ಕುರ್ಚಿಯಲ್ಲೇ. ಮಾತು ತಿರುಗಿಸಲು ನಿನೊ ಎಂಬ ಹುಡುಗಿಯನ್ನು ಕೊಟ್ಟಿದ್ದರು. ಮಾರ್ಟಿನ್ ಎಂದರೆ ಅವಳಿಗೆ ಅಷ್ಟಕ್ಕಷ್ಟೆ. ಅದನ್ನವಳು ಮುಚ್ಚಿಡುತ್ತಲೂ ಇರಲಿಲ್ಲ.

ನಾನು ಕ್ಯಾಮೆರಾ ಎತ್ತಿದೆ. ಲಾಮಾರಾ ಅಜ್ಜಿ ಕೈ ಅಡ್ಡ ಮಾಡಿ ಒಳಗೆ ಹೋದಳು. ತಲೆಗೆ ಹೊಸ ವಸ್ತ್ರ ಕಟ್ಟಿಕೊಂಡು ಬಂದು, ಗಂಡನ ಕಾಲರ್ ಸರಿಮಾಡಿ, ಪಕ್ಕದಲ್ಲಿ ನೆಟ್ಟಗೆ ನಿಂತು ನನ್ನನ್ನೇ ನೋಡತೊಡಗಿದಳು. ಸಾವಿರಾರು ಮೈಲು ಬಂದರೂ ಬಳಿಚಕ್ರ ನನ್ನನ್ನು ಬಿಡಲಿಲ್ಲ. ಅಳಬೇಕು ಅನ್ನಿಸಿತು.

ಮಾವನಿಗೆ ಮಾತ್ರ ಅಜ್ಜಿ ಬಹಳ ಹಿಡಿಸಿದಳು. "ತಿಳಿವಳಿಕಿ ಇರೋ ಹೆಣಮಗಳು," ಎಂದ. ಅವನೂ ಗಿವಿಯೂ ಚಪ್ಪರದ ಕೆಳಗೆ ಕುಳಿತು ಒಬ್ಬರ ಭಾಷೆ ಒಬ್ಬರಿಗೆ ಬಾರದೆ ಹೊತ್ತುಗಟ್ಟಲೆ ಮಾತಾಡುತ್ತಿದ್ದರು. ಗಿವಿ ವೈನು ಕೊಟ್ಟರೆ ಇವನು ಕೈಮುಗಿಯುವನು. ಇವನು ಶೇಂಗಾ ಹಿಂಡಿ ಕೊಟ್ಟರೆ ಅವನು ರೊಟ್ಟಿಗೆ ಹಚ್ಚಿ ತಿಂದು ಕೆಮ್ಮುವನು. ಆಮೇಲೆ ಇಬ್ಬರೂ ನಗುವರು.

ಪ್ರತಿ ಸಂಜೆ ಮಾರ್ಟಿನ್ ನಮ್ಮ ಫೋಟೊ ನೋಡುತ್ತಿದ್ದ. "ಮತ್ತೆ ಎಲ್ಲರೂ ನಿನ್ನನ್ನೇ ನೋಡುತ್ತಿದ್ದಾರೆ," ಎನ್ನುತ್ತಿದ್ದ. ಒಂದು ದಿನ, "ನಿನ್ನ ಮಾವ ಇವರಿಗೆ ಹೇಳಿಕೊಡುತ್ತಿದ್ದಾನೆಯೆ?" ಎಂದೂ ಕೇಳಿದ. ಇಲ್ಲ ಎಂದೆ. ಆದರೆ ಆ ಪ್ರಶ್ನೆ ನನ್ನ ಕಿವಿಯಲ್ಲಿ ಉಳಿಯಿತು. ನಾನು ಹೊರಗೆ ಹೋದಾಗ ಮಾವ ಅಜ್ಜಿಗೆ ಸನ್ನೆಯಲ್ಲಿ ಏನಾದರೂ ಹೇಳುತ್ತಾನೇನೋ ಎಂದು ಅವತ್ತಿನಿಂದ ತಿರುಗಿ ತಿರುಗಿ ನೋಡಲಾರಂಭಿಸಿದೆ.

ಗಿವಿ ಹೋದ ದಿನ

ಶಿಬಿರ ಮುಗಿಯುತ್ತ ಬಂದಿದ್ದಾಗ ಒಂದು ಬೆಳಿಗ್ಗೆ ನಿನೊ ನಮ್ಮ ಬಿಡಾರಕ್ಕೆ ಬಂದು ಗಿವಿ ತೀರಿಕೊಂಡನೆಂದಳು. ಮಾವ ಹಲ್ಲುಜ್ಜುತ್ತಿದ್ದವನು ಅಲ್ಲೇ ಕುಳಿತುಬಿಟ್ಟ. ಮಾರ್ಟಿನ್ ಮಾತ್ರ ನನ್ನ ಬಳಿ ಬಂದು ಮೆಲ್ಲಗೆ, "ಇದು ನಿನ್ನ ಕಥೆ. ಹೋಗು," ಎಂದ.

ಹೋದೆ. ಗಂಡಸರು ಗಡ್ಡ ಬೋಳಿಸದೆ ಗೇಟಿನ ಬಳಿ ಸುಮ್ಮನೆ ನಿಂತಿದ್ದರು. ಹೆಂಗಸರು ಕಪ್ಪುಡುಗೆಯಲ್ಲಿ ಬೆಂಚು, ಪಾತ್ರೆ ಹೊಂದಿಸಲು ಹಿತ್ತಲಿಗೆ ಹೋಗಿದ್ದರು. ನಾನು ಪಕ್ಕದ ಓಣಿಗೆ ತಿರುಗಿದೆ. ಅಲ್ಲಿ ಗಿವಿಯನ್ನು ಮಲಗಿಸಿದ್ದ ಕೋಣೆಯ ಕಿಟಕಿ ತೆರೆದಿತ್ತು.

ಒಳಗೆ ಲಾಮಾರಾ ಅಜ್ಜಿ ಒಬ್ಬಳೇ ಇದ್ದಳು. ತಲೆವಸ್ತ್ರ ಜಾರಿತ್ತು, ಬಿಳಿಕೂದಲು ಕೆದರಿತ್ತು. ಶವಪೆಟ್ಟಿಗೆಯ ಅಂಚಿಗೆ ಎದೆಯೊತ್ತಿ, ಗಂಡನ ಕೈಯನ್ನು ಕೆನ್ನೆಗಿಟ್ಟುಕೊಂಡು ಅವನಿಗೆ ಏನೋ ಹೇಳುತ್ತಿದ್ದಳು. ಬೈಯುವ ಹಾಗಿತ್ತು. ತಡವಾಗಿ ಬಂದ ಗಂಡನನ್ನು ಹೆಂಡತಿ ಗದರಿಸುವ ಹಾಗೆ. ನಾನು ಕ್ಯಾಮೆರಾ ಎತ್ತಿ ತೆಗೆದೆ. ತೆಗೆದಾಗಲೇ ಗೊತ್ತಾಯಿತು, ಇಷ್ಟು ಒಳ್ಳೆಯ ಫೋಟೊವನ್ನು ನಾನು ಈವರೆಗೆ ತೆಗೆದಿಲ್ಲ ಎಂದು.

ಓಣಿ ಸುತ್ತಿ ಮುಂಬಾಗಿಲಿಗೆ ಬರುವಷ್ಟರಲ್ಲಿ ಮಾವ ಒಳಗೆ ಹೋಗಿಯಾಗಿತ್ತು. ಶವದ ಪಾದದ ಬಳಿ ಕೈಮುಗಿದು ನಿಂತ. ಆಮೇಲೆ ಕೋಣೆಯನ್ನೊಮ್ಮೆ ಕಣ್ಣಳತೆ ಮಾಡಿದ. ಆ ನೋಟ ನನಗೆ ಗೊತ್ತು, ಸ್ಟುಡಿಯೊದ್ದು. ಪಕ್ಕದ ಕೋಣೆಯಿಂದ ಕುರ್ಚಿ ತಂದ. ಇನ್ನೊಂದು ತಂದ. ಅಜ್ಜಿಯ ತಲೆವಸ್ತ್ರ ತೋರಿಸಿ ತನ್ನ ತಲೆ ಮುಟ್ಟಿಕೊಂಡ. ಗೇಟಿನ ಬಳಿಯ ಗಂಡುಮಕ್ಕಳನ್ನು ಕೈಬೀಸಿ ಕರೆದ.

ನಮ್ಮಲ್ಲಿ ಹಿರಿಯರು ತೀರಿಕೊಂಡರೆ ವಿಭೂತಿ ಹಚ್ಚಿ, ಪೇಟ ಸುತ್ತಿ, ಹೂ ಹಾಕಿ ಕೂರಿಸುತ್ತಾರೆ. ಮನೆಮಂದಿಯೆಲ್ಲ ಸುತ್ತ ಕುಳಿತು ಫೋಟೊ ತೆಗೆಸಿಕೊಳ್ಳುತ್ತಾರೆ. ಮಾವ ಅಂಥವನ್ನು ಅದೆಷ್ಟು ತೆಗೆದಿದ್ದಾನೋ. ಸಾವಿನ ಮನೆಗೆ ಫೋಟೊದವರು ಬಂದರೆಂದರೆ ಅದಕ್ಕೇ ಬಂದಿರುತ್ತಾರೆ ಎಂದೇ ಅವನ ತಿಳಿವಳಿಕೆ. ಅಪರಿಚಿತ ದೇಶದಲ್ಲಿ, ಯಾರೂ ಕರೆಯದ ಕೋಣೆಯಲ್ಲಿ ಅವನು ಕುರ್ಚಿ ಜೋಡಿಸುತ್ತಿದ್ದ.

"ಮಾವ, ಏನ್ ಮಾಡಾಕತ್ತಿ?"

"ಕ್ಯಾಮೆರಾ ತಗಿ ಜಲ್ದಿ. ಮಂದಿ ಕೂಡ್ಯಾರ. ಅಜ್ಜನ ಜೋಡಿ ಒಂದೂ ಇಲ್ಲಂತ ನಾಳೆ ಮಕ್ಕಳು ಮರಗ್ತಾರ."

ದೊಡ್ಡ ಮಗ ಹುಬ್ಬು ಗಂಟಿಕ್ಕಿ ಬಾಗಿಲಲ್ಲಿ ನಿಂತ. ಈಗ ಹೊಡೆಯುತ್ತಾನೆ ಎಂದುಕೊಂಡೆ. ಅಷ್ಟರಲ್ಲಿ ಲಾಮಾರಾ ಅಜ್ಜಿ ಎದ್ದು ವಸ್ತ್ರ ಬಿಗಿದು ಕಟ್ಟಿಕೊಂಡಳು. ಕುರ್ಚಿಯಲ್ಲಿ ಕುಳಿತು ಮಗನಿಗೆ ಒಂದೇ ಮಾತು ಹೇಳಿದಳು. ಅವನು ಬಂದು ಹಿಂದೆ ನಿಂತ. ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಹಿಂದೆಲ್ಲ ಇಲ್ಲಿಯೂ ಹೀಗೆ ತೆಗೆಸುತ್ತಿದ್ದರು, ಈಗಿನವರು ಬಿಟ್ಟಿದ್ದಾರೆ ಎಂದು ನಿನೊ ಆಮೇಲೆ ಹೇಳಿದಳು. ಮಾವ ಗಾಳಿಯಲ್ಲಿ ಬೆರಳೆತ್ತಿ ಎಲ್ಲರ ಗದ್ದ ಎತ್ತಿಸಿದ. ನಾನು ತೆಗೆದೆ. ಬಾಗಿಲಲ್ಲಿ ಮಾರ್ಟಿನ್ ನಿಂತು ಎಲ್ಲವನ್ನೂ ನೋಡುತ್ತಿದ್ದ.

ಓಣಿಗೆ ಬಂದ ಮೇಲೆ ತಡೆದುಕೊಳ್ಳಲಾಗಲಿಲ್ಲ.

"ಬೇಕಂತ ಮಾಡಿದಿ ನೀ. ನನ್ನ ಕೆಲಸ ಕೆಡಸಾಕ ಅವ್ವ ಹೇಳಿ ಕಳಿಸ್ಯಾಳ. ನಾ ಫೋನಿನ್ಯಾಗ ಕೇಳೀನಿ."

ಮಾವ ನನ್ನ ಕಡೆ ತಿರುಗಿದ. "ಹೌದು, ಹೇಳ್ಯಾಳ. ಕರಕೊಂಡು ಬಾ ಅಂದಾಳ, ಹೂಂ ಅಂದೀನಿ. ಆದ್ರ ಅದಕ್ಕ ಹೆಣದ ಮುಂದ ನಾಟಕ ಆಡ್ತೀನೇನು ನಾ? ಅಷ್ಟು ಕೆಟ್ಟವ ಅನಕೊಂಡೀದಿ?"

ನನಗೆ ನಂಬಿಕೆ ಬರಲಿಲ್ಲ.

ಅವತ್ತು ಸಂಜೆ ಮಾರ್ಟಿನ್ ನನ್ನ ಲ್ಯಾಪ್‌ಟಾಪಿನಲ್ಲಿ ಕಿಟಕಿಯ ಫೋಟೊ ನೋಡುತ್ತ ನಿಂತ. "ಈ ಫೋಟೊದಲ್ಲಿ ಕಾಣುತ್ತೀಯ ನೀನು," ಎಂದ. "ಇದನ್ನು ಏಜೆನ್ಸಿಗೆ ಕೊಡು. ಆ ಒಂದು ವರ್ಷದ ಕೆಲಸ ನಿನ್ನದು." ಊರಿಗೆ ಫೋನು ಮಾಡಿ ಹೇಳಲು ಹೊರಟವಳು, ಅವ್ವ ಏನನ್ನುತ್ತಾಳೋ ಎಂದು ಸುಮ್ಮನಾದೆ.

ಮತ್ತೆ ಆ ಮನೆಗೆ

ಮಣ್ಣಾದ ಮೇಲೆ ಮನೆಮಂದಿಯ ಫೋಟೊವನ್ನು ಪೇಟೆಯಲ್ಲಿ ಪ್ರಿಂಟು ಹಾಕಿಸಿ, ಮಾವನನ್ನೂ ನಿನೊಳನ್ನೂ ಕರೆದುಕೊಂಡು ಕೊಡಲು ಹೋದೆ. ಅಜ್ಜಿ ಅಕ್ರೋಟು ಒಡೆಯುತ್ತಿದ್ದಳು. ಫೋಟೊ ನೋಡಿ ತಲೆಯಾಡಿಸಿದಳು. ಮಾವನ ಕೈ ಹಿಡಿದು ಏನೋ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ ಒಂದು ಮಾತಂದಳು.

"ಕಿಟಕಿಯಲ್ಲಿ ನಿಂತಿದ್ದೆಯಲ್ಲ, ಆ ಫೋಟೊ ತೋರಿಸು ಅನ್ನುತ್ತಿದ್ದಾಳೆ," ಎಂದಳು ನಿನೊ.

ಅಜ್ಜಿಗೆ ಗೊತ್ತಿತ್ತು. ಈಗ ಮಕ್ಕಳನ್ನು ಕೂಗುತ್ತಾಳೆ ಎಂದುಕೊಂಡು ಲ್ಯಾಪ್‌ಟಾಪ್ ತೆರೆದೆ. ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿದಳು. ಮಾವ ಆ ಫೋಟೊವನ್ನು ನೋಡಿದ್ದು ಆಗಲೇ ಮೊದಲು. "ಅಯ್ಯೋ, ತಲಿಮ್ಯಾಲ ಬಟ್ಟಿ ಇಲ್ಲಲ್ಲ," ಎಂದು ಮುಖ ತಿರುಗಿಸಿದ.

ಅಜ್ಜಿ ಮಾತಾಡಿದಳು. ನಿನೊ ತಿರುಗಿಸಿ ಹೇಳಿದಳು. "ಇದು ಅವಳಿಗೆ ಬೇಕಂತೆ. ಆ ದೊಡ್ಡ ಫೋಟೊ ಮಕ್ಕಳಿಗಿರಲಿ ಅಂತೆ. ಅದರಲ್ಲಿ ಎಲ್ಲರೂ ಇದ್ದಾರೆ, ಇದರಲ್ಲಿ ನಾವಿಬ್ಬರೇ ಇದ್ದೇವೆ ಅನ್ನುತ್ತಾಳೆ."

ನನಗೆ ಕುಣಿಯಬೇಕೆನ್ನಿಸಿತು. ಮಾವನ ಮುಖ ಸಣ್ಣದಾಗಿತ್ತು. ಹೇಳದೆ ಕೇಳದೆ ತೆಗೆದದ್ದನ್ನೇ ಅಜ್ಜಿ ಆರಿಸಿದ್ದಳು. ನೋಡಿದೆಯಾ ಎಂಬಂತೆ ಅವನ ಕಡೆ ನೋಡುತ್ತಿರುವಾಗಲೇ ನಿನೊ ಮುಂದುವರಿಸಿದಳು. "ಅದಕ್ಕೇ ಇದನ್ನು ಬೇರೆ ಯಾರಿಗೂ ತೋರಿಸಬೇಡ ಅನ್ನುತ್ತಾಳೆ."

ಇದು ನಿನೊಳದೇ ಸೇರ್ಪಡೆ ಎಂದು ನನ್ನ ಅನುಮಾನ ಎದ್ದು ನಿಂತಿತು. ಮಾರ್ಟಿನ್ ಮೇಲಿನ ಸಿಟ್ಟು. ಇನ್ನೊಮ್ಮೆ ಕೇಳು ಎಂದೆ. ಅವಳು ಕೇಳುವ ಮೊದಲೇ ಅಜ್ಜಿಗೆ ಅರ್ಥವಾಯಿತು. ಫೋಟೊದ ಮೇಲೆ ಬೆರಳಿಟ್ಟಳು, ಅದೇ ಬೆರಳನ್ನು ತನ್ನೆದೆಗೆ ಇಟ್ಟುಕೊಂಡಳು. ಆಮೇಲೆ ಓಣಿಯ ಕಡೆ ತೋರಿಸಿ ಬೇಡವೆಂದು ಕೈಯಾಡಿಸಿದಳು. ಅದಕ್ಕೆ ಭಾಷೆ ತಿರುಗಿಸುವವರು ಬೇಕಿರಲಿಲ್ಲ.

ಮಾರ್ಟಿನ್‌ಗೆ ಹೇಳಿದೆ. ಅವನು ಕನಿಕರದಿಂದಲೇ ಮಾತಾಡಿದ. "ಓಣಿ ಎಲ್ಲರದು. ನೀನು ನಿಂತದ್ದು ಓಣಿಯಲ್ಲಿ. ಕೇಳುವ ಅಗತ್ಯವೇ ಇರಲಿಲ್ಲ. ಅವಳು ಇದನ್ನು ಇನ್ನೆಲ್ಲೂ ನೋಡುವುದೂ ಇಲ್ಲ. ನಾಳೆ ಹೇಳು."

ದ್ರಾಕ್ಷಿ ತೋಟದ ಬದುಗಳಲ್ಲಿ ಸುತ್ತಿದೆ. ಅಜ್ಜಿ ನೋಡುವುದಿಲ್ಲ ಎಂಬುದು ನಿಜ. ನನಗೆ ಈ ಕೆಲಸ ಮತ್ತೆ ಸಿಗುವುದಿಲ್ಲ ಎಂಬುದೂ ಅಷ್ಟೇ ನಿಜ. ಮಾವನಾದರೂ ಏನಾದರೂ ಅನ್ನಲಿ, ಅವನ ಮೇಲೆ ರೇಗಿ ಫೋಟೊ ಕೊಟ್ಟುಬಿಡೋಣ ಎಂದು ಅವನ ಬಳಿ ಹೋಗಿ ಕುಳಿತೆ.

"ಏನ್ ಮಾಡ್ಲಿ ಮಾವ?"

"ನಾ ಹೇಳಾಂಗಿಲ್ಲ. ಹೇಳಿದ್ರ ಅವ್ವ ಹೇಳಿಸ್ಯಾಳ ಅಂತೀದಿ. ನಿನ್ನ ಕೆಲಸ, ನೀ ನೋಡು."

ಮಾರನೆಯ ಬೆಳಿಗ್ಗೆ ಒಂದೇ ಒಂದು ಪ್ರಿಂಟು ಹಾಕಿಸಿ ಅಜ್ಜಿಗೆ ಕೊಟ್ಟೆ. ಅವಳ ಅಂಗಳದಲ್ಲೇ ಕುಳಿತು ಕ್ಯಾಮೆರಾದಿಂದ, ಲ್ಯಾಪ್‌ಟಾಪಿನಿಂದ ಅಳಿಸಿದೆ. ಅಳಿಸು ಎಂದು ಅವಳು ಕೇಳಿರಲಿಲ್ಲ. ಇಟ್ಟುಕೊಂಡರೆ ಇವತ್ತಲ್ಲ ನಾಳೆ ಕೊಟ್ಟುಬಿಡುತ್ತೇನೆ ಎಂದು ನನ್ನ ಮೇಲೆ ನನಗೇ ಸಂಶಯ. ಅಷ್ಟು ದೊಡ್ಡ ತ್ಯಾಗ ನಡೆಯುವಾಗ ಅಜ್ಜಿ ನೋಡಲೂ ಇಲ್ಲ. ಫೋಟೊ ಇಡಲು ಒಳಗೆ ಹೋಗಿದ್ದಳು.

ಟಿಬಿಲಿಸಿ, ಕೊನೆಯ ದಿನ

ಫೋಟೊ ಇಲ್ಲ, ಅಳಿಸಿದೆ ಎಂದಾಗ ಮಾರ್ಟಿನ್ ಸಿಟ್ಟಾಗಲಿಲ್ಲ. ತಲೆಯಾಡಿಸುತ್ತ, "ಅರ್ಥವಾಯಿತು," ಎಂದ. "ಅದನ್ನೂ ನಿನ್ನ ಮಾವನೇ ಹೊಂದಿಸಿದ್ದ, ಅಲ್ಲವೆ? ಏಜೆನ್ಸಿಯವರ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತೀ ಎಂದು ಹೆದರಿದೆ."

ಅಲ್ಲ ಎಂದೆ. ಇನ್ನೊಮ್ಮೆ ಅಲ್ಲ ಎಂದೆ. ತೋರಿಸಲು ನನ್ನ ಹತ್ತಿರ ಏನಿತ್ತು? ಕೆಲಸ ಹೋದದ್ದಕ್ಕಿಂತ ಇದು ಹೆಚ್ಚು ಉರಿಯಿತು, ಇವತ್ತಿಗೂ ಉರಿಯುತ್ತದೆ. ಕುರಿ ಕಾಯುವವರ ಫೋಟೊ ತೆಗೆದಿದ್ದ ಹುಡುಗಿಗೆ ಆ ವರ್ಷದ ಕೆಲಸ ಸಿಕ್ಕಿತು. ಫೋಟೊ ಚೆನ್ನಾಗಿತ್ತು, ಅದನ್ನು ಒಪ್ಪಲೇಬೇಕು. ಆ ಕುರಿಗಳನ್ನು ಯಾರೂ ನಿಲ್ಲಿಸಿರಲಿಲ್ಲ ಎಂದೇ ನಂಬೋಣ.

ಬಾಗಿಲ ಹೊರಗೆ ಮಾವ ಕಾಯುತ್ತಿದ್ದ. "ಏನಂತಾನ ಅವ? ನನ್ನ ಕಡೆ ಯಾಕ ಹಂಗ ನೋಡಿದ?"

"ಫೋಟೊ ಛಲೋ ಇತ್ತು ಅಂತಾನ," ಎಂದೆ.

ಮಾವ ನಂಬಲಿಲ್ಲ. ಆದರೆ ಮತ್ತೆ ಕೇಳಲೂ ಇಲ್ಲ. ನನ್ನ ಕ್ಯಾಮೆರಾ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು ಮುಂದೆ ನಡೆದ.

ಮರಳಿ ರಂಗಂಪೇಟೆ

ಊರಲ್ಲಿ ಎಲ್ಲರಿಗೂ ಫೋಟೊ ನೋಡಬೇಕು. ಮಾವ ತನ್ನ ಮೊಬೈಲಿನಲ್ಲಿ ನಾಯಿಯ ಕಿವಿ, ಬಸ್ಸು, ರೊಟ್ಟಿ ತೋರಿಸಿದ. "ನೀಲಾ ತಗದಿದ್ದು ಎಲ್ಲಿ?" ಎಂದರೆ, "ಬೆಳಕ ಸಾಲಲಿಲ್ಲ ಬಿಡ್ರಿ," ಎಂದು ಸುಳ್ಳು ಹೇಳಿದ. ಇವರು ಹೈದರಾಬಾದಿನಿಂದಲೇ ವಾಪಸ್ ಬಂದಿರಬೇಕು ಎಂದು ಓಣಿಯಲ್ಲಿ ಮಾತಾಯಿತಂತೆ.

ಅವ್ವ ಮಾತ್ರ ಏನೂ ಕೇಳಲಿಲ್ಲ. ಎರಡು ದಿನ ಬಿಟ್ಟು, ಸಂಜೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ, "ಖರೇ ಹೇಳು. ಅಲ್ಲಿ ಏನಾತು?" ಎಂದಳು. ನಾನು ಎಲ್ಲವನ್ನೂ ಹೇಳಿದೆ. ಅಜ್ಜಿ ಕೇಳಿದ್ದು, ನಾನು ಅಳಿಸಿದ್ದು, ಕೆಲಸ ಹೋದದ್ದು. ಒಳ್ಳೇದಾತು ಬಿಡು ಅನ್ನುತ್ತಾಳೆ, ಅಂದರೆ ಜಗಳ ತೆಗೆಯಬೇಕು ಎಂದು ತಯಾರಾಗಿಯೇ ಇದ್ದೆ.

ಅವ್ವ ಮೊರದಲ್ಲಿ ಕೈಯಾಡಿಸಿ ಒಂದು ಕಲ್ಲು ಹೆಕ್ಕಿ ಹೊರಗೆಸೆದಳು.

"ಆ ಅಜ್ಜಿ ನಸೀಬ ಛಲೋ ಅದ," ಎಂದಳು. "ನಿಮ್ಮಪ್ಪ ಹೋದಾಗ ನಿಮ್ಮ ಮಾವ ಫೋಟೊ ತಗದಾನ. ಸೆರಗ ಸರಿ ಮಾಡ್ಸಿ, ಕಣ್ಣ ಒರಸ್ಸಿ, ಮಾರಿ ಎತ್ತಿಸಿ ಕುಂಡ್ರಿಸ್ಯಾನ ನನ್ನ. ನೋಡಿದೋರೆಲ್ಲ ಎಷ್ಟು ಗಟ್ಟಿ ಹೆಣಮಗಳು ಅಂತಾರ. ಅದಕ್ಕಿಂತ ಮೊದಲ, ಇನ್ನೂ ಯಾರೂ ಬಂದಿದ್ದಿಲ್ಲ. ನಾವಿಬ್ರೇ ಇದ್ವಿ. ಅದು ಎಲ್ಲಿನೂ ಇಲ್ಲ ನೋಡು. ಯಾರ ಕಡೆನೂ ಇಲ್ಲ."

ಅಪ್ಪ ಹೋದಾಗಿನಿಂದ ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದೇವೆ. ಅವ್ವ ಅತ್ತದ್ದನ್ನು ನಾನು ನೋಡಿಲ್ಲ. ಅವಳು ಅತ್ತೇ ಇಲ್ಲ ಎಂದು ತಿಳಿದಿದ್ದೆ.

"ಅವಾಗ ಅಪ್ಪಗ ಏನಂದಿ ಅವ್ವ?"

ಅವ್ವ ಮೊರವನ್ನು ಪಕ್ಕಕ್ಕಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ದೀಪ ಹಚ್ಚುವ ಹೊತ್ತು ಮೀರಿದರೂ ಎದ್ದು ಹೋಗದೆ, ಅವತ್ತು ಅಪ್ಪನಿಗೆ ಅಂದದ್ದನ್ನೆಲ್ಲ ಒಂದೊಂದಾಗಿ ನನಗೆ ಹೇಳಿದಳು.

ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.